ಆದಿಮಾನವನ ಊಟ ಮತ್ತು ನಮ್ಮ ಒಲೆ

ಎರಡು ವರ್ಷಗಳ ಹಿಂದೆ ದೀಪಾವಳಿಗೆಂದು ಬೆಂಗಳೂರಿನಿಂದ ಬಂದಿದ್ದ ನನ್ನ ಅಣ್ಣನ ಮಗ ಊಟಕ್ಕೆ ಕುಳಿತವನು ಅನ್ನವನ್ನು ಮುಟ್ಟಲಿಲ್ಲ. ಬೇಳೆಯ ಸಾರನ್ನು ಪಕ್ಕಕ್ಕೆ ಸರಿಸಿದ. ಮಜ್ಜಿಗೆಯೂ ಬೇಡವೆಂದ. ಮೈಯಲ್ಲಿ ಹುಷಾರಿಲ್ಲವೇನೋ ಎಂದು ಗಾಬರಿಯಿಂದ ವಿಚಾರಿಸಿದರೆ ಅವನು ನಕ್ಕು, “ಹಾಗೇನಿಲ್ಲ ಅತ್ತೆ, ನಾನೀಗ ಆದಿಮಾನವನ ಊಟ ಮಾಡುತ್ತಿದ್ದೇನೆ” ಎಂದ. ತನ್ನ ಚೀಲದಿಂದ ಬಾದಾಮಿಯ ಪೊಟ್ಟಣವನ್ನೂ ಒಣಗಿಸಿದ ಮಾಂಸದ ಚೂರುಗಳನ್ನೂ ಯಾವುದೋ ದೂರದೇಶದ ಹಣ್ಣಿನ ಡಬ್ಬಿಯನ್ನೂ ತೆಗೆದಿಟ್ಟ. ಮನುಷ್ಯನ ದೇಹ ರೂಪುಗೊಂಡದ್ದು ಶಿಲಾಯುಗದಲ್ಲಿ. ಬೇಸಾಯ ಹುಟ್ಟಿ ಹತ್ತು ಹನ್ನೆರಡು ಸಾವಿರ ವರ್ಷಗಳಷ್ಟೇ ಆಗಿವೆ. ಆದ್ದರಿಂದ ಧಾನ್ಯ, ಬೇಳೆ, ಹಾಲು ಇವು ನಮ್ಮ ಮೈಗೆ ಇನ್ನೂ ಒಗ್ಗಿಲ್ಲ — ಇದು ಅವನ ವಾದ.

ನಾನು ಬಹುಕಾಲ ಶಾಲೆಯಲ್ಲಿ ಇತಿಹಾಸದ ಪಾಠ ಹೇಳಿದವಳು. ಆದಿಮಾನವನು ಬೇಟೆಯಾಡಿ, ಗೆಡ್ಡೆಗೆಣಸು ತಿಂದು ಬದುಕುತ್ತಿದ್ದನು ಎಂದು ಒಂದೇ ವಾಕ್ಯದಲ್ಲಿ ಲಕ್ಷಾಂತರ ವರ್ಷಗಳನ್ನು ದಾಟಿಸಿ, ಮಕ್ಕಳನ್ನು ಹರಪ್ಪದ ಬೀದಿಗೆ ಕರೆದೊಯ್ಯುತ್ತಿದ್ದೆ. ಆ ವಾಕ್ಯದ ಒಳಗೆ ಏನಿದೆಯೆಂದು ನಾನೂ ಕೇಳಿಕೊಂಡಿರಲಿಲ್ಲ, ಮಕ್ಕಳೂ ಕೇಳಿರಲಿಲ್ಲ. ಅಳಿಯನ ಬಾದಾಮಿಯ ಪೊಟ್ಟಣ ಆ ಪ್ರಶ್ನೆಯನ್ನು ನನ್ನ ಮುಂದಿಟ್ಟಿತು. ಈ ನೆಲದ ಹಿಂದಿನ ಮನುಷ್ಯ ಏನು ತಿನ್ನುತ್ತಿದ್ದ? ಅದನ್ನು ಇಂದು ಕದ್ವಾಡದ ಒಂದು ಅಡಿಗೆಮನೆಯಲ್ಲಿ, ಹಬ್ಬದ ವಿಶೇಷವಾಗಿ ಅಲ್ಲದೆ ದಿನದ ಊಟವಾಗಿ ಬೇಯಿಸಬಹುದೆ? ಒಂದು ವರ್ಷಕಾಲ, ವಾರಕ್ಕೆ ಎರಡು ಮೂರು ದಿನ, ಹಾಗೆ ಅಡಿಗೆ ಮಾಡಿ ನೋಡಿದೆ. ಆ ಪ್ರಯೋಗದಿಂದ ನನಗೆ ತಿಳಿದುಬಂದ ಕೆಲವು ಸಂಗತಿಗಳನ್ನು ತಮ್ಮ ಮುಂದಿಡುತ್ತೇನೆ.

ಮೊದಲು ಈ ವಾದದ ಚರಿತ್ರೆಯನ್ನು ಸ್ವಲ್ಪ ನೋಡೋಣ. ಅಮೆರಿಕದ ವಾಲ್ಟರ್ ವೋಗ್ಟ್ಲಿನ್ ಎಂಬ ವೈದ್ಯರು 1975ರಲ್ಲಿ ಶಿಲಾಯುಗದ ಪಥ್ಯದ ಮೇಲೆ ಒಂದು ಪುಸ್ತಕ ಪ್ರಕಟಿಸಿದರು. 1985ರಲ್ಲಿ ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ ಎಂಬ ಇಬ್ಬರು ವಿದ್ವಾಂಸರು ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದೇ ವಿಷಯವನ್ನು ಹೆಚ್ಚು ಶಾಸ್ತ್ರೀಯವಾಗಿ ಮಂಡಿಸಿದರು. ನಮ್ಮ ಇಂದಿನ ಅನೇಕ ರೋಗಗಳಿಗೆ ಸಕ್ಕರೆ, ಉಪ್ಪು, ಕೊಬ್ಬು ಅತಿಯಾದ ಆಹಾರವೂ ಮೈಮುರಿಯದ ಜೀವನವೂ ಕಾರಣವೆಂಬ ಅವರ ಮಾತಿನಲ್ಲಿ ತಥ್ಯವಿದೆ. ಆದರೆ ಆದಿಮಾನವನು ಧಾನ್ಯವನ್ನಾಗಲಿ ಕಾಳನ್ನಾಗಲಿ ಮುಟ್ಟಲೇ ಇಲ್ಲವೆಂಬ ಜನಪ್ರಿಯ ನಂಬಿಕೆಯನ್ನು ಪುರಾತತ್ವ ಒಪ್ಪುವುದಿಲ್ಲ.

ದಕ್ಷಿಣ ಆಫ್ರಿಕದ ಗುಹೆಯೊಂದರಲ್ಲಿ ಸುಮಾರು 1,70,000 ವರ್ಷಗಳ ಹಿಂದೆ ಬೂದಿಯಲ್ಲಿ ಸುಟ್ಟ ಗೆಡ್ಡೆಗಳು ಸಿಕ್ಕಿರುವುದನ್ನು 2020ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಅದೇ ದೇಶದ ಕಡಲತೀರದ ಪಿನಾಕಲ್ ಪಾಯಿಂಟ್ ಗುಹೆಯಲ್ಲಿ ಸುಮಾರು 1,64,000 ವರ್ಷಗಳ ಹಿಂದಿನವರು ಚಿಪ್ಪುಮೀನು ತಿಂದ ಕುರುಹುಗಳಿವೆ. ಇರಾಕಿನ ಶಾನಿದಾರ್ ಗುಹೆಯ ನಿಯಾಂಡರ್ತಲ್ ಮಾನವರು ಸುಮಾರು 70,000 ವರ್ಷಗಳ ಹಿಂದೆ ಕಾಡುಕಾಳುಗಳನ್ನು ನೆನೆಯಿಟ್ಟು, ಜಜ್ಜಿ, ಬೇಯಿಸುತ್ತಿದ್ದರೆಂದು ಅಲ್ಲಿ ದೊರೆತ ಕರಕಲು ಚೂರುಗಳು ಹೇಳುತ್ತವೆ. ಗಲಿಲೀ ಸರೋವರದ ದಂಡೆಯಲ್ಲಿ 23,000 ವರ್ಷಗಳ ಹಿಂದಿನ ಅರೆಯುವ ಕಲ್ಲಿನ ಮೇಲೆ ಕಾಡುಜವೆಯ ಹಿಟ್ಟಿನ ಕಣಗಳು ಅಂಟಿಕೊಂಡಿದ್ದವು. ಬೇಸಾಯ ಹುಟ್ಟುವುದಕ್ಕೆ ಹತ್ತು ಸಾವಿರ ವರ್ಷ ಮೊದಲಿನ ಮಾತಿದು. ಕಾಳು ನೆನೆಯಿಡುವ ನಮ್ಮ ರಾತ್ರಿಯ ಕೆಲಸ ಎಷ್ಟು ಹಳೆಯದೆಂಬುದನ್ನು ಇದರಿಂದ ಊಹಿಸಬಹುದು. ಕಡಲ ದಂಡೆಯವನು ಚಿಪ್ಪು ಹೆಕ್ಕಿದ, ಹುಲ್ಲುಗಾವಲಿನವನು ಬೀಜ ಉದುರಿಸಿಕೊಂಡ, ಕಾಡಿನವನು ಗೆಡ್ಡೆ ಅಗೆದ. ಎಲ್ಲ ದೇಶಕ್ಕೂ ಎಲ್ಲ ಕಾಲಕ್ಕೂ ಒಂದೇ ಆದ ಆದಿಮಾನವನ ಊಟವೆಂಬುದು ಎಂದೂ ಇರಲಿಲ್ಲ.

ಹಾಗಾದರೆ ನಮ್ಮ ಕರ್ನಾಟಕದಲ್ಲಿ? ಈಗಿನ ಯಾದಗಿರಿ ಜಿಲ್ಲೆಯ ಹುಣಸಗಿಯ ಕಣಿವೆಯಲ್ಲಿ ಪ್ರೊ. ಕೆ. ಪದ್ದಯ್ಯನವರು ದಶಕಗಳ ಕಾಲ ಶೋಧನೆ ನಡೆಸಿದರು. ಅಲ್ಲಿಯ ಇಸಾಂಪುರದಲ್ಲಿ ಕಲ್ಲಿನ ಕೈಗೊಡಲಿಗಳನ್ನು ತಯಾರಿಸುತ್ತಿದ್ದ ನೆಲೆಯೊಂದು ಬೆಳಕಿಗೆ ಬಂದಿದೆ. ಅಲ್ಲಿ ಸಿಕ್ಕ ಮೇಯುವ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿ ಆ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ವಯಸ್ಸನ್ನು ಕಟ್ಟಿದ್ದಾರೆ. ಪದ್ದಯ್ಯನವರು ಕಲ್ಲುಗಳನ್ನಷ್ಟೇ ಎಣಿಸಲಿಲ್ಲ. ಆ ಕಣಿವೆಯಲ್ಲಿ ಯಾವ ತಿಂಗಳು ಯಾವ ಹಣ್ಣು, ಸೊಪ್ಪು, ಗೆಡ್ಡೆ ದೊರಕುತ್ತದೆಂಬುದನ್ನೂ ಅವರು ಗಮನಿಸಿದರು. ಮಳೆಗಾಲದಲ್ಲಿ ನೀರು ಎಲ್ಲೆಡೆ ಸಿಗುವಾಗ ಜನ ಸಣ್ಣ ಗುಂಪುಗಳಾಗಿ ಚದುರಿ ಸಸ್ಯಾಹಾರ ಮತ್ತು ಸಣ್ಣ ಪ್ರಾಣಿಗಳ ಮೇಲೆ ಬದುಕುತ್ತಿದ್ದಿರಬೇಕು, ಬೇಸಿಗೆಯಲ್ಲಿ ಬತ್ತದ ಬುಗ್ಗೆಗಳ ಬಳಿ ಒಟ್ಟುಗೂಡಿ ದೊಡ್ಡ ಬೇಟೆಯನ್ನು ಅವಲಂಬಿಸುತ್ತಿದ್ದಿರಬೇಕು ಎಂಬುದು ಅವರ ಅಭಿಪ್ರಾಯ. ಆ ಊಟದ ಪಟ್ಟಿಯನ್ನು ಬರೆದದ್ದು ಋತುಮಾನವೆಂದಾಯಿತು.

ಅಲ್ಲಿಂದ ಬಹಳ ಈಚೆಗೆ ಬಂದರೆ ಬಳ್ಳಾರಿಯ ಬಳಿಯ ಸಂಗನಕಲ್ಲು ಇದೆ. ಸುಮಾರು 4,000 ವರ್ಷಗಳ ಹಿಂದೆ ಅಲ್ಲಿಯ ಗುಡ್ಡಗಳ ಮೇಲೆ ನವಶಿಲಾಯುಗದ ಜನ ಮನೆ ಕಟ್ಟಿಕೊಂಡಿದ್ದರು, ದನ ಸಾಕುತ್ತಿದ್ದರು. ಅವರು ಏನು ಬೆಳೆಯುತ್ತಿದ್ದರೆಂದು ತಿಳಿದ ಬಗೆ ಸ್ವಾರಸ್ಯವಾಗಿದೆ. ಹಳೆಯ ಒಲೆ, ಗುಂಡಿಗಳ ಮಣ್ಣನ್ನು ನೀರಿನಲ್ಲಿ ಕದಡುತ್ತಾರೆ. ಮಣ್ಣು ತಳಕ್ಕಿಳಿಯುತ್ತದೆ, ಬೆಂಕಿಗೆ ಸಿಕ್ಕಿ ಇದ್ದಿಲಾದ ಕಾಳು ಹಗುರವಾಗಿ ಮೇಲೆ ತೇಲುತ್ತದೆ. ಅದನ್ನು ಸಣ್ಣ ಜರಡಿಯಲ್ಲಿ ಹಿಡಿದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದ್ದಿಲನ್ನು ಹುಳುಹುಪ್ಪಟೆ ತಿನ್ನುವುದಿಲ್ಲವಾದ್ದರಿಂದ, ಅಂದು ಯಾವಳೋ ಗೃಹಿಣಿಯ ಕೈತಪ್ಪಿ ಒಲೆಗೆ ಬಿದ್ದು ಸೀದ ಕಾಳು ಇಂದು ನಮ್ಮ ಪಾಲಿಗೆ ದಾಖಲೆಯಾಗಿ ಉಳಿದಿದೆ. ಡೋರಿಯನ್ ಫುಲ್ಲರ್ ಮತ್ತು ಅವರ ಸಹೋದ್ಯೋಗಿಗಳು ಹೀಗೆ ಗುರುತಿಸಿದ ಮುಖ್ಯ ಬೆಳೆಗಳು ನಾಲ್ಕು: ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಸಂಬಂಧಿಯಾದ ಒಂದು ಕಿರುಧಾನ್ಯ. ಆ ಮೊದಲ ಬೇಸಾಯಗಾರರ ಮುಖ್ಯ ಬೆಳೆಗಳಲ್ಲಿ ಅಕ್ಕಿ ಇಲ್ಲ. ಜೋಳ, ಸಜ್ಜೆ, ರಾಗಿ ಇವು ಆಫ್ರಿಕದಿಂದ ಬಂದವು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ನಡೆಸಿದ ಉತ್ಖನನದಲ್ಲಿ ಬಹು ಪ್ರಾಚೀನ ರಾಗಿ ದೊರಕಿತೆಂದು ಹೇಳಲಾಗಿತ್ತು. ಆ ಕಾಳಿನ ಗುರುತಿನ ಬಗ್ಗೆ ಈಚಿನ ವಿದ್ವಾಂಸರಲ್ಲಿ ಸಂದೇಹವಿದೆ. ನಮ್ಮದೇ ಎಂದು ಎದೆತಟ್ಟಿ ಹೇಳಬಹುದಾದ ಕಾಳು ಹುರುಳಿ. ಕುದುರೆಯ ಮೇವೆಂದು ನಾವು ಮೂಗು ಮುರಿಯುವ ಹುರುಳಿ!

ಆದರೆ ಬಳ್ಳಾರಿಯ ಬಂಡೆಗಳಿಂದ ನಮ್ಮ ಕರಾವಳಿಗೆ ಇಳಿದರೆ ದಾಖಲೆ ತೆಳುವಾಗುತ್ತದೆ. ಇಲ್ಲಿಯ ಚಿರೇಕಲ್ಲಿನ ಹುಳಿಮಣ್ಣು, ಮೂರು ನಾಲ್ಕು ತಿಂಗಳ ಎಡೆಬಿಡದ ಮಳೆ, ಇವೆರಡೂ ಸೇರಿ ಎಲುಬನ್ನು ಉಳಿಯಗೊಡುವುದಿಲ್ಲ. ಗಡಿಯಾಚೆ ಗೋವೆಯಲ್ಲಿ ಕುಶಾವತಿ ನದಿಯ ದಂಡೆಯ ಉಸಗಾಳಿಮಳದಲ್ಲಿ ಇದೇ ಚಿರೇಕಲ್ಲಿನ ಹಾಸಿನ ಮೇಲೆ ಕೊರೆದ ಗೂಳಿ, ಜಿಂಕೆ, ನವಿಲುಗಳ ಚಿತ್ರಗಳು 1993ರಲ್ಲಿ ವಿದ್ವಾಂಸರ ಗಮನಕ್ಕೆ ಬಂದವು. ಕೊರೆದ ಕೈಗಳ ಕಾಲದ ಬಗ್ಗೆ ಭಿನ್ನಾಭಿಪ್ರಾಯವಿದೆ. ಅವರ ಬೇಟೆಯ ಕಣ್ಣಿನ ಬಗ್ಗೆ ಇಲ್ಲ. ನಮ್ಮ ಪಾಲಿಗೆ ಉಳಿದಿರುವ ಇನ್ನೊಂದು ದಾಖಲೆಯೆಂದರೆ ಈ ನೆಲವೇ. ಕಾಳಿ ಮತ್ತು ಗಂಗಾವಳಿಯ ಅಳಿವೆಗಳು, ಅವುಗಳ ಕೆಸರಿನಲ್ಲಿ ಬೆಳೆಯುವ ಚಿಪ್ಪು, ಘಟ್ಟದ ಗೆಡ್ಡೆ, ಮೊದಲ ಮಳೆಗೆ ಏಳುವ ಸೊಪ್ಪು, ಇವೇ ಆ ದಾಖಲೆಯ ಪುಟಗಳು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರನ್ನೋ ಜೋಯಿಡಾದ ಕುಣಬಿಗಳನ್ನೋ ತೋರಿಸಿ, ಇವರೇ ಆದಿಮಾನವರ ಪ್ರತಿನಿಧಿಗಳೆಂದು ಹೇಳುವ ಅಭ್ಯಾಸ ಕೆಲವರಲ್ಲಿದೆ. ಇದು ತಪ್ಪು, ಅವಿನಯವೂ ಹೌದು. ಅವರು ನಮ್ಮ ಹಾಗೆಯೇ ಈ ಕಾಲದ ಜನ; ಅವರಿಗೂ ನಮ್ಮಷ್ಟೇ ಉದ್ದದ ಚರಿತ್ರೆಯಿದೆ. ಕಾಡು ಕಡಿದು ಸುಟ್ಟು ರಾಗಿ ಬಿತ್ತುವ ಕುಮರಿ ಬೇಸಾಯವನ್ನು 19ನೆಯ ಶತಮಾನದಲ್ಲಿ ಬ್ರಿಟಿಷ್ ಆಡಳಿತ ನಿರ್ಬಂಧಿಸಿದಾಗ ಅದನ್ನೇ ನಂಬಿದ್ದವರ ಊಟದ ಬಟ್ಟಲು ಬದಲಾಯಿತು. 1883ರಲ್ಲಿ ಪ್ರಕಟವಾದ ಕೆನರಾ ಜಿಲ್ಲೆಯ ಗೆಝೆಟಿಯರಿನಲ್ಲಿ ಒಂದೊಂದು ಸಮುದಾಯದ ದಿನದ ಆಹಾರವೇನೆಂಬುದನ್ನು ದಾಖಲಿಸಿದ್ದಾರೆ; ಅದು ಬದಲಾಗುತ್ತಿದ್ದ ಊಟದ ಒಂದು ಕ್ಷಣದ ಚಿತ್ರ. ಆದರೆ ಯಾವ ಬಳ್ಳಿಯ ಬುಡದಲ್ಲಿ ಗೆಡ್ಡೆಯಿದೆ, ಯಾವುದರಲ್ಲಿ ನಂಜಿದೆ, ನಂಜನ್ನು ತೆಗೆಯುವುದು ಹೇಗೆ ಎಂಬ ತಿಳಿವಳಿಕೆ ಅವರಲ್ಲಿ ಉಳಿದಿದೆ, ನಮ್ಮಲ್ಲಿ ಹೋಗಿದೆ. ಅಷ್ಟೇ ವ್ಯತ್ಯಾಸ. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಅಕ್ಷರ ಕಲಿಯದೆಯೂ ನೂರಾರು ಗಿಡಮರಗಳ ಬೀಜದ ಗುಟ್ಟು ಅರಿತಿದ್ದರು. ಪದ್ಮಶ್ರೀ ಪಡೆದ ಆ ತಾಯಿ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರೊಡನೆ ಹೋದದ್ದು ಎಷ್ಟೆಂದು ಅಳೆಯುವ ಮಾಪು ನಮ್ಮಲ್ಲಿಲ್ಲ.

ಇನ್ನು ನನ್ನ ಪ್ರಯೋಗಕ್ಕೆ ಬರುತ್ತೇನೆ. ಮೊದಲು ಮಾಡಿದ್ದು ಅಡಿಗೆಮನೆಯಿಂದ ಹೊರಗೆ ಹಾಕುವ ಕೆಲಸ. 1498ರಲ್ಲಿ ವಾಸ್ಕೊ ಡ ಗಾಮನ ಹಡಗುಗಳು ಸ್ವದೇಶಕ್ಕೆ ಮರಳುವಾಗ ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ತಂಗಿದ್ದವು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ಅವರ ಕಾಲದಿಂದೀಚೆಗೆ ಅಮೆರಿಕ ಖಂಡದಿಂದ ಬಂದದ್ದನ್ನೆಲ್ಲ ಬಿಡುವುದೆಂದು ನಿಶ್ಚಯಿಸಿದೆ. ಒಣಮೆಣಸು ಹೋಯಿತು, ಹಸಿಮೆಣಸೂ ಹೋಯಿತು. ಬಟಾಟೆ ಹೋಯಿತು, ಅದರ ಹೆಸರೇ ಪೋರ್ಚುಗೀಸ್ ಭಾಷೆಯದು. ಟೊಮೆಟೊ, ಗೋಡಂಬಿ, ಪೇರಳೆ, ಪಪ್ಪಾಯಿ, ಅನಾನಸು, ಮುಸುಕಿನ ಜೋಳ, ನೆಲಗಡಲೆ, ಎಲ್ಲವೂ ಹೋದವು. ಕಡೆಗೆ ಗೆಣಸು, ಮರಗೆಣಸು ಕೂಡ ಹೊರಗೆ ನಿಂತವು. ಗೆಡ್ಡೆಗೆಣಸು ಎಂದು ನಾನು ವರ್ಷಗಟ್ಟಲೆ ಪಾಠ ಹೇಳಿದ ಮಾತಿನಲ್ಲಿ ಈಗ ನಾವು ಸಂತೆಯಲ್ಲಿ ಕೊಳ್ಳುವ ಸಿಹಿಗೆಣಸು ಹಡಗಿನಲ್ಲಿ ಬಂದ ಅತಿಥಿ! ಅಜ್ಜಿಯ ಕಾಲದಿಂದ ಬಂದದ್ದೆಂದು ನಾವು ಹೆಮ್ಮೆಪಡುವ ಕೆಂಪು ಮೀನಸಾರಿನ ಬಣ್ಣಕ್ಕೆ ಐನೂರು ವರ್ಷವೂ ತುಂಬಿಲ್ಲ.

ಉಳಿದದ್ದು ಕಡಿಮೆಯೇನಲ್ಲ. ಕಾಳುಮೆಣಸು ಈ ಘಟ್ಟದ್ದೇ. ಅದರ ಆಸೆಗೆ ತಾನೆ ಇಂಗ್ಲಿಷ್ ವರ್ತಕರು 17ನೆಯ ಶತಮಾನದಲ್ಲಿ ಈ ತೀರಕ್ಕೆ ಬಂದು ಕೋಠಿ ಹಾಕಿದ್ದು! ಕಾಳಿಯ ದಕ್ಷಿಣ ದಂಡೆಯ ನಮ್ಮ ಕದ್ವಾಡದ ಹೆಸರೇ ಅವರ ಬಾಯಿಯಲ್ಲಿ ಕಾರವಾರವಾಯಿತೆನ್ನುತ್ತಾರೆ. ಹುಳಿಗೆ ಮುರುಗಲು, ಉಪ್ಪಾಗೆ, ಅಮಟೆಕಾಯಿ ಇವೆ. ಮೀನಿಗೆ ಪರಿಮಳ ಕೊಡುವ ಜುಮ್ಮನಕಾಯಿಯಿದೆ. ಕೊಂಕಣಿಯಲ್ಲಿ ಇದಕ್ಕೇ ತೆಪ್ಪಲವೆನ್ನುತ್ತಾರೆ. ಶುಂಠಿ, ಅರಿಶಿನ, ತೆಂಗು ಇವೆ. ಕೊರಲೆಯನ್ನು ಮಾತ್ರ ಘಟ್ಟದ ಮೇಲಿನಿಂದ ತರಿಸಿಕೊಂಡೆ. ಅನ್ನವನ್ನು ಬಿಟ್ಟದ್ದು ವಾರದ ಆ ಎರಡು ಮೂರು ದಿನ ಮಾತ್ರ. ಪೂರ್ತಿ ಬಿಡುವ ಧೈರ್ಯ ನನಗಿರಲಿಲ್ಲ.

ಜೂನಿನಲ್ಲಿ ಮಳೆ ಬಿದ್ದ ಎರಡೇ ವಾರಕ್ಕೆ ರಸ್ತೆಯ ಬದಿಯಲ್ಲಿ ತಗಟೆ ಸೊಪ್ಪು ಏಳುತ್ತದೆ. ಚಿಗುರಾಗಿದ್ದಾಗ ಚಿವುಟಿ, ನೆನೆದ ಹುರುಳಿಯೊಡನೆ ಬೇಯಿಸಿ, ಕಾಯಿತುರಿ ಹಾಕಿದರೆ ಒಳ್ಳೆಯ ಪಲ್ಯ. ಜುಲೈಯಲ್ಲಿ ಕಳಲೆ. ಎಳೆಬಿದಿರಿನಲ್ಲಿ ನಂಜಿರುವುದರಿಂದ ಅದನ್ನು ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಯಿಡಬೇಕು. ಕೆಸುವಿನ ಎಲೆ, ಗೆಡ್ಡೆಗಳು ಗಂಟಲು ತುರಿಸುತ್ತವೆ. ಅವಕ್ಕೆ ಉಪ್ಪಾಗೆಯ ಹುಳಿಯೂ ಚೆನ್ನಾಗಿ ಬೇಯಿಸುವ ತಾಳ್ಮೆಯೂ ಬೇಕು. ಕಹಿಜಾತಿಯ ಕಾಡುಗೆಡ್ಡೆಗಳನ್ನಂತೂ ತೆಳ್ಳಗೆ ಹೆಚ್ಚಿ, ಬೂದಿಯ ನೀರಿನಲ್ಲಿ ಬೇಯಿಸಿ, ಬುಟ್ಟಿಯಲ್ಲಿಟ್ಟು ಹರಿಯುವ ಹಳ್ಳದಲ್ಲಿ ರಾತ್ರಿಯಿಡೀ ಬಿಡಬೇಕು. ಗುರುತು ತಪ್ಪಿದರೆ ಪ್ರಾಣಕ್ಕೇ ಅಪಾಯವಾದ್ದರಿಂದ ನಾನು ಅವುಗಳ ತಂಟೆಗೆ ಸ್ವತಃ ಹೋಗಲಿಲ್ಲ. ಬಲ್ಲವರು ಬೇಯಿಸಿ ಕೊಟ್ಟದ್ದನ್ನು ತಿಂದೆ. ಈ ಕೆಲಸಗಳನ್ನು ಮಾಡುತ್ತ ಒಂದು ಸಂಗತಿ ನನಗೆ ಮನದಟ್ಟಾಯಿತು. ಪ್ರಾಚೀನ ಆಹಾರವೆಂದರೆ ಸರಳ ಆಹಾರ, ಕಿತ್ತು ತಿಂದರಾಯಿತು ಎಂದು ಭಾವಿಸುವವರು ಒಂದು ದಿನ ಕಳಲೆಯನ್ನು ನೆನೆಯಿಟ್ಟು ನೋಡಬೇಕು. ಯಾರೋ ಒಬ್ಬರು ತಿಂದು ವಾಂತಿ ಮಾಡಿಕೊಂಡು, ಇನ್ನೊಬ್ಬರು ಸತ್ತು, ಮೂರನೆಯವರು ಬೂದಿ ಹಾಕಿ ನೋಡಿ, ಹೀಗೆ ತಲೆಮಾರುಗಳು ಬೆಲೆ ತೆತ್ತು ಕಲಿತ ಪಾಠಗಳು ಇವು.

ಮಳೆ ನಿಂತು ಹೊಳೆಯ ನೀರಿಗೆ ಮತ್ತೆ ಉಪ್ಪು ಏರಿದ ಮೇಲೆ ಚಿಪ್ಪಿನ ಕಾಲ. ಅಂಕೋಲೆ, ಕುಮಟೆಗಳಲ್ಲಿ ಬಳಚು ಎನ್ನುತ್ತಾರೆ. ಇಲ್ಲಿ ಕೊಂಕಣಿಯವರಿಗೆ ಅದು ತಿಸರೆ. ಬಂಡೆಗೆ ಅಂಟಿಕೊಳ್ಳುವ ಕಲ್ವ ಬೇರೆ ಜಾತಿ. ಹುಣ್ಣಿಮೆ ಅಮಾವಾಸ್ಯೆಗಳ ಆಚೀಚೆ ಇಳಿತ ಹೆಚ್ಚಾಗಿ ಕೆಸರು ತೆರೆದುಕೊಂಡಾಗ ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದ ತಡಕಿ, ಕೈಯಿಂದ ಹೆಕ್ಕುತ್ತಾರೆ. ತಂದ ಚಿಪ್ಪನ್ನು ಉಪ್ಪುನೀರಿನಲ್ಲಿ ಕೆಲವು ಗಂಟೆ ಬಿಟ್ಟರೆ ಅವೇ ಮರಳನ್ನು ಉಗುಳುತ್ತವೆ. ಅನಂತರ ಮುಚ್ಚಿದ ಪಾತ್ರೆಯಲ್ಲಿ ಅವುಗಳದೇ ನೀರಿನಲ್ಲಿ ಬಾಯಿ ಬಿಡುವ ತನಕ ಬೇಯಿಸಿ, ಬಾಯಿ ಬಿಡದವನ್ನು ಎಸೆದು, ನೀರನ್ನು ತಿಳಿಗೊಳಿಸಿ, ಕಾಳುಮೆಣಸು, ತೆಂಗು, ಮುರುಗಲು ಹಾಕಿದರೆ ಬೇರೆ ಉಪ್ಪು ಬೇಕಾಗುವುದಿಲ್ಲ. ಒಂದು ಬುಟ್ಟಿ ಸುಲಿದರೆ ಒಂದು ಬಟ್ಟಲು ಮಾಂಸ. ಉಳಿದದ್ದು ಚಿಪ್ಪಿನ ರಾಶಿ. ಡೆನ್ಮಾರ್ಕಿನ ಕಡಲ ದಂಡೆಯಲ್ಲಿ ಇಂಥವೇ ದೊಡ್ಡ ರಾಶಿಗಳನ್ನು ಕಂಡ ವಿದ್ವಾಂಸರು 19ನೆಯ ಶತಮಾನದ ನಡುವಿನಲ್ಲಿ ಅವು ಶಿಲಾಯುಗದವರು ತಿಂದೆಸೆದ ಗುಡ್ಡೆಗಳೆಂದು ತೋರಿಸಿದ್ದರು. ಹಿತ್ತಿಲಿನಲ್ಲಿ ಬೆಳೆಯುತ್ತಿದ್ದ ನನ್ನ ಪುಟ್ಟ ರಾಶಿಯನ್ನು ನೋಡಿ ನನಗೆ ಅದರ ನೆನಪಾಗುತ್ತಿತ್ತು.

ನನಗೆ ಚಿಪ್ಪು ತಂದುಕೊಡುವ ಹೆಂಗಸು ನನಗಿಂತ ಹತ್ತು ವರ್ಷ ಚಿಕ್ಕವಳು. ಒಂದು ದಿನ ಮಾಪಿ ಹಾಕುತ್ತಿದ್ದಾಗ ನನ್ನ ಪ್ರಯೋಗವನ್ನು ಉತ್ಸಾಹದಿಂದ ವಿವರಿಸಿದೆ. ಲಕ್ಷ ವರ್ಷದ ಹಿಂದಿನ ಜನ ಇದನ್ನೇ ತಿನ್ನುತ್ತಿದ್ದರು ಎಂದೆ. ಆಕೆ ಕೈ ನಿಲ್ಲಿಸಲಿಲ್ಲ. “ಅಕ್ಕೋರೆ, ಅಷ್ಟು ಹಿಂದಿನದು ನಮಗೆಲ್ಲಿ ಗೊತ್ತು? ನಮ್ಮಲ್ಲಿ ಅಕ್ಕಿ ಮುಗಿದ ದಿನ ಇದನ್ನೇ ತಿಂತಿದ್ರು” ಎಂದು ಹೇಳಿ ಬುಟ್ಟಿ ಎತ್ತಿಕೊಂಡು ಹೋದಳು.

ಆ ಮಾತು ನನ್ನನ್ನು 1966ರ ಮಳೆಗಾಲಕ್ಕೆ ಒಯ್ದಿತು. ಅದರ ಹಿಂದಿನ ವರ್ಷ ದೇಶದಲ್ಲೆಲ್ಲ ಬರ. ಅಕ್ಕಿ ಪಡಿತರದಲ್ಲಿ ಸಿಕ್ಕಿದಷ್ಟೇ. ನನಗಾಗ ಹತ್ತು ವರ್ಷ. ನಮ್ಮ ಮನೆಯಲ್ಲಿ ವಾರದಲ್ಲಿ ನಾಲ್ಕು ದಿನ ಬೆಂದ ಕೆಸುವಿನ ಗೆಡ್ಡೆ, ತಗಟೆ ಸೊಪ್ಪು, ಹುರುಳಿಯ ಕಟ್ಟು. ಬೇಯಿಸುವಾಗ ಆಯಿ ಬೀದಿಯ ಕಡೆಯ ಬಾಗಿಲನ್ನು ಮುಚ್ಚುತ್ತಿದ್ದಳು. ಸೊಪ್ಪು ಕೀಳುವುದಕ್ಕೆ ನಸುಕಿನಲ್ಲಿ ಹೋಗಿ, ಯಾರೂ ಏಳುವುದರೊಳಗೆ ಸೆರಗಿನಲ್ಲಿ ಮುಚ್ಚಿ ತರುತ್ತಿದ್ದಳು. ಒಂದು ದಿನ ಶಾಲೆಯಲ್ಲಿ ಗೆಳತಿಯರು ಏನು ಊಟವೆಂದು ಕೇಳಿದಾಗ ನಾನು ಅನ್ನ, ಮೀನಸಾರು ಎಂದೆ. ಮೀನುಗಾರರ ದೋಣಿಯೇ ಇಳಿಯದ ಆಷಾಢದಲ್ಲಿ! ಅವರು ನಕ್ಕರು. ಮಾತು ಹೇಗೋ ಮನೆಯವರೆಗೆ ಬಂತು. ಆಯಿ ನನಗೆ ಬೈಯಲಿಲ್ಲ. ಮರುದಿನ ಎಲ್ಲಿಂದಲೋ ಒಂದು ಪಾವು ಅಕ್ಕಿ ತಂದು ನನ್ನೊಬ್ಬಳಿಗೆ ಅನ್ನ ಮಾಡಿ ಬಡಿಸಿ, ತಾನು ಆಚೆ ತಿರುಗಿ ಕುಳಿತಳು. ಆ ಅನ್ನವನ್ನು ಉಂಡವಳು ನಾನು.

ಆಯಿ ಈಗ ಇಲ್ಲ. ಅವಳು ಬಾಗಿಲು ಮುಚ್ಚಿ ಬೇಯಿಸಿದ್ದನ್ನು ನಾನು ವರ್ಷಕಾಲ ಬಾಗಿಲು ತೆರೆದು ಬೇಯಿಸಿದೆ. ಬಂದವರಿಗೆಲ್ಲ ಬಡಿಸಿ, ಅದರ ಪ್ರಾಚೀನತೆಯನ್ನು ಬಣ್ಣಿಸಿದೆ. ಅದೇ ಕೆಸು, ಅದೇ ಹುರುಳಿ. ಬೇಕೆಂದು ತಿನ್ನುವವನಿಗೂ ಬೇರೆ ಗತಿಯಿಲ್ಲದೆ ತಿನ್ನುವವನಿಗೂ ಊಟ ಒಂದೇ ಆಗುವುದಿಲ್ಲ. ನನ್ನ ಅಳಿಯ ಅನ್ನವನ್ನು ಬಿಡಬಲ್ಲ, ಏಕೆಂದರೆ ಅನ್ನ ಅವನಿಗೆ ಯಾವಾಗಲೂ ಸಿಗುತ್ತದೆ. ಈ ಆಹಾರದ ವಿದ್ಯೆಯನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದವರು ಬಡವರು, ಅದರಲ್ಲೂ ಹೆಂಗಸರು. ಅದಕ್ಕಾಗಿ ಅವರಿಗೆ ದೊರಕಿದ್ದು ನಾಚಿಕೆ. ಇಂದು ಅದೇ ವಸ್ತು ಚಂದದ ಪೊಟ್ಟಣದಲ್ಲಿ ಪಟ್ಟಣದ ಅಂಗಡಿ ಸೇರುವಾಗ ಈ ಮಾತನ್ನು ಮರೆಯಬಾರದು. 2023ನ್ನು ವಿಶ್ವಸಂಸ್ಥೆ ಕಿರುಧಾನ್ಯಗಳ ವರ್ಷವೆಂದು ಆಚರಿಸಿತು. ಜೋಯಿಡಾದಲ್ಲಿ ಕುಣಬಿಗಳು ತಾವು ಬೆಳೆದ ಹತ್ತಾರು ಬಗೆಯ ಗೆಡ್ಡೆಗಳನ್ನು ಮೇಳದಲ್ಲಿಟ್ಟು ಹೆಸರು ಹೇಳಿ ಮಾರುತ್ತಾರೆ. ಬಾಗಿಲು ಮುಚ್ಚಿಕೊಳ್ಳದೆ ಮಾರುವ ಆ ದೃಶ್ಯ ನನಗೆ ಸಂತೋಷ ಕೊಟ್ಟಿತು.

ಕೊನೆಯದಾಗಿ ಒಂದು ಮಾತು. ಅಡಿಗೆಯ ವಿಧಾನವನ್ನು ಬರೆದಿಡಬಹುದು, ಹೊಳೆಯನ್ನು ಬರೆದಿಡಲಾಗುವುದಿಲ್ಲ. ಶರಾವತಿಯ ಮೇಲೆ ವಿದ್ಯುತ್ತಿಗಾಗಿ ಅಣೆಕಟ್ಟುಗಳು ಎದ್ದ ಮೇಲೆ ಅದರ ಅಳಿವೆಗೆ ವರ್ಷವಿಡೀ ಸಿಹಿನೀರು ಇಳಿದು, ಉಪ್ಪಿನಂಶ ತಗ್ಗಿ, ಚಿಪ್ಪಿನ ಸಂಪತ್ತು ಕುಸಿಯಿತೆಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಅದೇ ಚಿಪ್ಪು ಸಾವಿರಾರು ಜನರಿಗೆ ಅನ್ನ ಕೊಡುತ್ತಿದೆ. ಆ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದ ಸುದ್ದಿ 2024ರಲ್ಲಿ ಪ್ರಕಟವಾಯಿತು. ನಮ್ಮ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟುಗಳ ಸಾಲೇ ಇದೆ. ಆ ವಿದ್ಯುತ್ತಿನ ದೀಪದ ಕೆಳಗೇ ಕುಳಿತು ನಾನು ಇದನ್ನು ಬರೆದೆನೆಂಬುದನ್ನೂ ಮರೆಮಾಚುವುದಿಲ್ಲ. ಆದರೆ ಉಪ್ಪು ಸಿಹಿಗಳು ಕೂಡುವ ಆ ಕೆಸರು ಕೆಟ್ಟರೆ, ಲಕ್ಷ ವರ್ಷಗಳಿಂದ ಮನುಷ್ಯ ಬಲ್ಲ ಒಂದು ಊಟ ನಮ್ಮ ತಲೆಮಾರಿಗೆ ಮುಗಿಯುತ್ತದೆ. ಆಗ ಅಳಿಯನ ಕೈಯ ಬಾದಾಮಿಯ ಪೊಟ್ಟಣವೇ ನಮಗೆಲ್ಲ ಗತಿ.

ಕಳೆದ ಸಲ ಅವನು ಬಂದಾಗ ಬಳಚಿನ ಸಾರು, ಕೊರಲೆಯ ಗಂಜಿ, ಹುರುಳಿ ಹಾಕಿದ ತಗಟೆ ಪಲ್ಯ ಮಾಡಿದ್ದೆ. ಮಳೆ ನಿಂತ ಮೇಲೆ ತಗಟೆ ಸಿಗುವುದಿಲ್ಲವಾದ್ದರಿಂದ ಆಷಾಢದಲ್ಲೇ ಒಣಗಿಸಿಟ್ಟಿದ್ದ ಸೊಪ್ಪು ಅದು. ಧಾನ್ಯ, ಕಾಳು ಎರಡೂ ಅವನ ಪಥ್ಯಕ್ಕೆ ನಿಷಿದ್ಧ. ತುಸು ಹೊತ್ತು ನೋಡಿದ. ಆಮೇಲೆ ಪೂರ್ತಿ ಉಂಡ. “ಇದು ನಿಜವಾಗಿ ಆದಿಮಾನವನ ಊಟವೇ ಅತ್ತೆ?” ಎಂದು ಕೇಳಿದ. “ಅಷ್ಟು ಹಿಂದಿನದನ್ನು ನಾನು ಪ್ರಮಾಣ ಮಾಡಿ ಹೇಳಲಾರೆ, ನಿನ್ನ ಅಜ್ಜಿಯ ಊಟವಂತೂ ಹೌದು” ಎಂದು ಹೇಳಿ, ಅವನಿಗೆ 1966ರ ಆ ಒಂದು ಪಾವು ಅಕ್ಕಿಯ ಕಥೆಯನ್ನು ಮೊದಲ ಬಾರಿಗೆ ಹೇಳಿದೆ.

(ಬಾನುಲಿ ಭಾಷಣ)